ಹೊಸ ಓಎಸ್ ಮೇಲೆ ಹಳೆಯ ಡೇಟಾಬೇಸ್ ತಂತ್ರಾಂಶ: ಉಳಿಸಿಕೊಳ್ಳಬೇಕೇ?

ಪರ

ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ (ಓಎಸ್) ಕೆಟ್ಟಿದ್ದರೆ ಅದನ್ನಷ್ಟೇ ಮತ್ತೆ ಸ್ಥಾಪಿಸಬೇಕು. ಸರಿಯಾಗಿ ನಡೆಯುತ್ತಿರುವ ಡೇಟಾಬೇಸ್ ತಂತ್ರಾಂಶವನ್ನೂ ಅಳಿಸಿ ಮೊದಲಿನಿಂದ ಶುರುಮಾಡುವುದೇಕೆ?

ಲಿನಕ್ಸ್ ಓಎಸ್‌ನಲ್ಲಿ ಒರಾಕಲ್ ಡೇಟಾಬೇಸ್ ಇರುವ ರೀತಿಯನ್ನೇ ನೋಡಿ. ಒರಾಕಲ್ ಹೋಮ್, ಅಂದರೆ ಅದರ ತಂತ್ರಾಂಶವಿರುವ ಫೋಲ್ಡರ್, ಸಾಮಾನ್ಯವಾಗಿ ಬೇರೆಯೇ ಡಿಸ್ಕ್‌ನಲ್ಲಿರುತ್ತದೆ. ಸಿಸ್ಟಮ್ ಡಿಸ್ಕ್‌ನಲ್ಲಿ ಉಳಿಯುವುದು ಚೂರುಪಾರು: ಡೇಟಾಬೇಸುಗಳ ಪಟ್ಟಿಯಿರುವ ಒರಾಟ್ಯಾಬ್ ಕಡತ, ಇನ್ವೆಂಟರಿ (ಸ್ಥಾಪಿಸಿದ ಒರಾಕಲ್ ತಂತ್ರಾಂಶದ ದಾಖಲೆ) ಎಲ್ಲಿದೆಯೆಂದು ತಿಳಿಸುವ ಪುಟ್ಟ ಕಡತ, ಕರ್ನಲ್ (ಓಎಸ್‌ನ ತಿರುಳು) ನಿಯತಾಂಕಗಳು, ಬಳಕೆದಾರರ ಮಿತಿಗಳು. ಇವನ್ನು ಮೊದಲೇ ನಕಲಿಸಿಟ್ಟುಕೊಳ್ಳಬೇಕು. ಹೊಸ ಓಎಸ್‌ನಲ್ಲಿ ಒರಾಕಲ್ ಬಳಕೆದಾರನನ್ನೂ ಗುಂಪುಗಳನ್ನೂ ಹಳೆಯ ಗುರುತಿನ ಸಂಖ್ಯೆಗಳಲ್ಲೇ ಸೃಷ್ಟಿಸಬೇಕು. ಇಲ್ಲದಿದ್ದರೆ ಕಡತಗಳ ಒಡೆತನವೇ ತಪ್ಪುತ್ತದೆ. ಬೇಕಾದ ಪ್ಯಾಕೇಜುಗಳನ್ನು ಹಾಕಿ, ಡಿಸ್ಕ್ ಮೌಂಟ್ ಮಾಡಿ, ಬೈನರಿಗಳನ್ನು (ಚಲಾಯಿಸುವ ಕಡತಗಳನ್ನು) ರೀಲಿಂಕ್ ಮಾಡಿ, ಅಂದರೆ ಹೊಸ ಓಎಸ್‌ಗೆ ಮತ್ತೆ ಬೆಸೆದು, ಒರಾಕಲ್‌ನ ರೂಟ್ ಸ್ಕ್ರಿಪ್ಟನ್ನು ನಿರ್ವಾಹಕನ ಅಧಿಕಾರದಲ್ಲಿ ನಡೆಸಿದರೆ ಡೇಟಾಬೇಸ್ ಎದ್ದು ನಿಲ್ಲುತ್ತದೆ. ರೀಲಿಂಕ್ ಸೌಲಭ್ಯವನ್ನು ಕೊಟ್ಟಿರುವುದು ಒರಾಕಲ್ ಸಂಸ್ಥೆಯೇ. ಇದು ಕಳ್ಳದಾರಿಯಲ್ಲ.

ವರ್ಷಗಟ್ಟಲೆ ಹಾಕಿದ ಪ್ಯಾಚುಗಳೂ (ತಂತ್ರಾಂಶದ ತಿದ್ದುಪಡಿಗಳೂ) ಉಳಿಯುತ್ತವೆ. ಹೊಸದಾಗಿ ಸ್ಥಾಪಿಸುವಾಗ ಅವುಗಳಲ್ಲಿ ಒಂದು ಬಿಟ್ಟುಹೋದರೂ, ನಿನ್ನೆಯವರೆಗೆ ಚುರುಕಾಗಿದ್ದ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಇಂದು ತೆವಳಬಹುದು.

ವಿರೋಧ

ಅದೇ ಓಎಸ್‌ನ ಅದೇ ಆವೃತ್ತಿಯನ್ನು ಮತ್ತೆ ಹಾಕುವುದಾದರೆ ಮೇಲಿನ ವಾದವನ್ನು ಒಪ್ಪುತ್ತೇನೆ. ಆದರೆ ಮರುಸ್ಥಾಪನೆಯ ನೆಪದಲ್ಲಿ ಆವೃತ್ತಿ ಬದಲಾಗುವುದೇ ಹೆಚ್ಚು. ಲಿನಕ್ಸ್‌ನ ಒಂದು ರೂಪವಾದ ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು; ಇಂದು ಅದನ್ನೇ ಮತ್ತೆ ಹಾಕುವುದು ವಿವೇಕವಲ್ಲ. ಆವೃತ್ತಿ ಬದಲಾದರೆ ಡೇಟಾಬೇಸ್ ನಂಬಿಕೊಂಡಿದ್ದ ಲೈಬ್ರರಿಗಳೂ (ಓಎಸ್ ಒದಗಿಸುವ ಸಿದ್ಧ ಕೋಡ್ ಸಂಗ್ರಹಗಳೂ) ಬದಲಾಗುತ್ತವೆ.

ನನ್ನನ್ನು ನಿಜಕ್ಕೂ ಕಾಡುವುದು ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನ ಉದಾಹರಣೆ. ಪಠ್ಯವನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಅದು ಬಹುತೇಕ ಕಡೆ ಓಎಸ್‌ನ ಗ್ಲಿಬ್‌ಸಿ ಲೈಬ್ರರಿಯನ್ನೇ ಕೇಳುತ್ತದೆ. 2018ರಲ್ಲಿ ಬಂದ ಗ್ಲಿಬ್‌ಸಿ 2.28 ಆ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ಬದಲಿಸಿತು. ಲಿನಕ್ಸ್‌ನ ರೂಪಗಳಾದ ರೆಡ್ ಹ್ಯಾಟ್ 7ರಿಂದ 8ಕ್ಕೆ, ಡೆಬಿಯನ್ 9ರಿಂದ 10ಕ್ಕೆ ಹೋದವರೆಲ್ಲ ಈ ಗೆರೆಯನ್ನು ದಾಟಿದವರೇ. ಹಳೆಯ ದತ್ತಾಂಶದ ಡಿಸ್ಕನ್ನು ಹಾಗೆಯೇ ಜೋಡಿಸಿದರೆ ಪೋಸ್ಟ್‌ಗ್ರೆಸ್ ಶುರುವಾಗುತ್ತದೆ, ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಆದರೆ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಇರುವ ಸೂಚಿ) ಇರುವುದು ಹಳೆಯ ಕ್ರಮದಲ್ಲಿ, ಹುಡುಕಾಟ ನಡೆಯುವುದು ಹೊಸ ಕ್ರಮದಲ್ಲಿ. ಟೇಬಲ್‌ನಲ್ಲಿರುವ ಸಾಲು ಸಿಗದೆ ಹೋಗಬಹುದು; ಒಂದೇ ಇರಬೇಕಾದ ಹೆಸರು ಎರಡು ಸಲ ಸೇರಿಕೊಳ್ಳಬಹುದು. 15ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಇಡೀ ಡೇಟಾಬೇಸಿನ ಮಟ್ಟದಲ್ಲೇ ಎಚ್ಚರಿಕೆ ಕೊಡುತ್ತದೆ, ಆದರೆ ತಾನಾಗಿ ಸರಿಪಡಿಸುವುದಿಲ್ಲ. ಆ ಇಂಡೆಕ್ಸುಗಳನ್ನು ಮತ್ತೆ ಕಟ್ಟಲೇಬೇಕು, ಇಲ್ಲವೇ ದತ್ತಾಂಶವನ್ನು ಡಂಪ್ ಮಾಡಿ (ಕಡತಕ್ಕೆ ಹೊರತೆಗೆದು) ಹೊಸದಾಗಿ ತುಂಬಬೇಕು.

ಇನ್ನು ಇನ್‌ಸ್ಟಾಲರ್‌ನ ಪರದೆಯಲ್ಲಿ ತಪ್ಪು ಡಿಸ್ಕಿಗೆ ಗುರುತು ಹಾಕಿದರೆ, ಉಳಿಸಬೇಕೆಂದುಕೊಂಡದ್ದೇ ಫಾರ್ಮ್ಯಾಟ್ ಆಗಿಬಿಡುತ್ತದೆ.

ಪ್ಯಾಚುಗಳ ಭಯಕ್ಕೆ ಉತ್ತರವಿದೆ: ಒರಾಕಲ್‌ನ ಒಪ್ಯಾಚ್ ಸಾಧನ ಹಾಕಿರುವ ಪ್ಯಾಚುಗಳ ಪಟ್ಟಿಯನ್ನೇ ಕೊಡುತ್ತದೆ. ಆ ಪಟ್ಟಿ ಹಿಡಿದು ಬೇರೊಂದು ಯಂತ್ರದಲ್ಲಿ ತಂತ್ರಾಂಶವನ್ನು ಹೊಸದಾಗಿ ಸ್ಥಾಪಿಸಿ, ಬ್ಯಾಕಪ್‌ನಿಂದ ದತ್ತಾಂಶವನ್ನು ಮರಳಿ ತುಂಬಿ, ಮುಖ್ಯ ಕ್ವೆರಿಗಳನ್ನು ಓಡಿಸಿ ನೋಡಿ. ಅಲ್ಲಿಯವರೆಗೆ ಹಳೆಯ ಡಿಸ್ಕನ್ನು ಮುಟ್ಟಬೇಡಿ.