ಒರಗಲು ಒಂದು ಕುರ್ಚಿ

ಮಧ್ಯಾಹ್ನ ಹೊಟ್ಟೆ ತುಂಬಾ ಉಂಡರೆ ಯಾರಿಗೆ ನಿದ್ದೆ ಬರೋದಿಲ್ಲ ಹೇಳಿ? ನನಗಂತೂ ಮಜ್ಜಿಗೆ ಅನ್ನ ಕಲಸುವಾಗಲೇ ಕಣ್ಣು ಎಳೆಯುತ್ತದೆ. ಶಾಸಕರೂ ಮನುಷ್ಯರೇ ಅಲ್ವಾ? ಸ್ಪೀಕರ್ ಯು.ಟಿ. ಖಾದರ್ ಅವರಿಗೆ ಈ ಕಷ್ಟ ಅರ್ಥವಾಯಿತು. 2025ರ ಬಜೆಟ್ ಅಧಿವೇಶನಕ್ಕೆ ಮುಂಚೆ, ಮೊಗಸಾಲೆಗೆ 15 ರಿಕ್ಲೈನರ್ ಕುರ್ಚಿಗಳನ್ನು ಬಾಡಿಗೆಗೆ ತರಿಸೋಣ ಎಂದರು. ಊಟಕ್ಕೆ ಎದ್ದವರು ಹಾಗೇ ರೂಮಿಗೆ ಹೋಗಿ ಮಲಗಿಬಿಡುತ್ತಾರೆ, ಇಲ್ಲೇ ಒರಗಿದರೆ ಎದ್ದು ಸದನದ ಒಳಗಾದರೂ ಬರಬಹುದು ಅನ್ನೋದು ಲೆಕ್ಕ.

ನಿದ್ದೆಯ ಬಗ್ಗೆ ನನ್ನ ತಕರಾರಿಲ್ಲ. 224 ಜನಕ್ಕೆ 15 ಕುರ್ಚಿ ಹೇಗೆ ಸಾಲುತ್ತೆ ಅನ್ನೋದೇ ಚಿಂತೆ. ಸಂತೆಯ ದಿನ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಅದೇ ಗತಿಯಾಗಬೇಕು. ಆದರೆ ಕುರ್ಚಿಗೆ ಟವೆಲ್ ಹಾಕೋದನ್ನು ನಮ್ಮ ಶಾಸಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ.

ಯಾರು ಎಷ್ಟು ಹೊತ್ತು ಸದನದಲ್ಲಿ ಕೂತರು ಅಂತ ನೋಡೋಕೆ ಅದಕ್ಕೂ ಮೊದಲೇ ಎಐ ಕ್ಯಾಮೆರಾ ಬಂದಿತ್ತು. ಹೊತ್ತಿಗೆ ಸರಿಯಾಗಿ ಬರಲಿ ಅಂತ ತಿಂಡಿ, ಊಟವನ್ನೂ ಅಲ್ಲೇ ಮಾಡಿಸಿದ್ದರು. ಸರ್ಕಾರಿ ಶಾಲೆಗೆ ಮಕ್ಕಳು ಬರಲಿ ಅಂತ ಬಿಸಿಯೂಟ ತಂದ ಐಡಿಯಾವೇ ಇದು. ಒಂದೇ ವ್ಯತ್ಯಾಸ. ಮಕ್ಕಳು ಊಟ ಆದಮೇಲೆ ತಟ್ಟೆ ತೊಳೆದು ಕ್ಲಾಸಿಗೆ ವಾಪಸ್ ಬರುತ್ತವೆ.

ಕುರ್ಚಿ ಅಂದಕೂಡಲೇ ನಮ್ಮೂರ ಗೇಟಿನ ಬಸ್ ತಂಗುದಾಣ ನೆನಪಾಯಿತು. ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಕ್ಷೇತ್ರಾಭಿವೃದ್ಧಿ ನಿಧಿ ಇರುತ್ತೆ. ಅದರಲ್ಲಿ ಒಂದು ಚೂರು ನಮ್ಮ ಗೇಟಿಗೂ ಬಿತ್ತು. ಹಿಂದೆ ಇದ್ದ ಶಾಸಕರು ಕಟ್ಟಿಸಿದ್ದು. ನೆತ್ತಿಯ ಮೇಲೆ ಅವರ ಹೆಸರು, ಎಡಗಡೆ ಗೋಡೆಗೆ ಅವರ ಹೆಸರು, ಒಳಗೆ ಕಲ್ಲಿನ ಮೇಲೆ ಉದ್ಘಾಟನೆಯ ದಿನಾಂಕದ ಜೊತೆ ಮತ್ತೆ ಅವರದೇ ಹೆಸರು. ಊರಿನ ಹೆಸರು ಮಾತ್ರ ಎಲ್ಲೂ ಇಲ್ಲ. ಹೊಸಬರು ಇಳಿದರೆ ಶಾಸಕರ ಹೆಸರನ್ನೇ ಊರಿನ ಹೆಸರು ಅಂದ್ಕೋತಾರೆ. ಮಳೆ ಬಂದರೆ ಎರಚಲು ನೇರ ಒಳಗೇ ಹೊಡೆಯುತ್ತೆ. ಹಾಗಾಗಿ ಎಲ್ಲರೂ ಐವತ್ತು ಹೆಜ್ಜೆ ಆಚೆ ಹುಣಸೆಮರದ ಕೆಳಗೆ ನಿಲ್ಲುತ್ತೇವೆ. ಬಸ್ಸೂ ಅಲ್ಲೇ ನಿಲ್ಲುತ್ತೆ. ತಂಗುದಾಣದ ಸಿಮೆಂಟ್ ಬೆಂಚಿನ ಮೇಲೆ ಒಂದು ಕಂದು ನಾಯಿ ಮಲಗಿರುತ್ತೆ. ನಮ್ಮ ಕ್ಷೇತ್ರದಲ್ಲಿ ಅನುದಾನ ಪೂರ್ತಿ ಬಳಕೆಯಾದ ಕಡೆ ಅದೊಂದೇ. ಮೂರು ಮಳೆಗಾಲಕ್ಕೆ ಬಣ್ಣ ಎದ್ದು ನೆತ್ತಿಯ ಮೇಲಿದ್ದ ‘ಜನಪ್ರಿಯ ಶಾಸಕರು’ ಅನ್ನೋದರಲ್ಲಿ ‘ಜನ’ ಉದುರಿಹೋಗಿದೆ. ಈಗ ಬರೀ ‘ಪ್ರಿಯ ಶಾಸಕರು’. ಯಾರಿಗೆ ಪ್ರಿಯ? ಪ್ರಾಯಶಃ ಕಂಟ್ರಾಕ್ಟರಿಗೆ.

ಇರಲಿ, ವಿಷಯಕ್ಕೆ ಬರೋಣ. ಶಾಸಕರ ಬದುಕು ಸುಲಭ ಅಂತ ಯಾರು ಹೇಳಿದ್ದು? ಟಿಕೆಟ್‌ಗೆ ದಿಲ್ಲಿಯಲ್ಲಿ ಕಾಯಬೇಕು. ಗೆದ್ದ ಮೇಲೆ ದಿನಕ್ಕೆ ನಾಲ್ಕು ಮದುವೆ, ಎರಡು ತಿಥಿ, ಒಂದು ಗುದ್ದಲಿ ಪೂಜೆ. ಎಲ್ಲ ಕಡೆ ಹೋಳಿಗೆ ತಿನ್ನಬೇಕು. ಆಮೇಲೆ ರೆಸಾರ್ಟ್ ವಾಸ. 2019ರಲ್ಲಿ ಕಾಂಗ್ರೆಸ್, ಜೆಡಿಎಸ್ ಬಿಟ್ಟು ಬಿಜೆಪಿ ಕಡೆ ವಾಲಿ ರಾಜೀನಾಮೆ ಕೊಟ್ಟವರು ಪಾಪ, ಹೆಂಡತಿ ಮಕ್ಕಳನ್ನು ಬಿಟ್ಟು ಮುಂಬೈ ಹೋಟೆಲಲ್ಲಿ ದಿನಗಟ್ಟಲೆ ಇದ್ದರು. ಇತ್ತ ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನು ಅನರ್ಹ ಮಾಡಿದರು. ಅನರ್ಹತೆ ಸರಿ, ಆದರೆ ಚುನಾವಣೆಗೆ ನಿಲ್ಲಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರಿನಲ್ಲಿ 15 ಕಡೆ ಉಪಚುನಾವಣೆ ಆಯಿತು. ಬಿಜೆಪಿ 12 ಗೆದ್ದಿತು. ಫೆಬ್ರುವರಿ ಹೊತ್ತಿಗೆ ಗೆದ್ದು ಬಂದವರಲ್ಲಿ 10 ಜನ ಮಂತ್ರಿ. ಟಿವಿಯವರು ನಾಲ್ಕು ತಿಂಗಳು ‘ಅನರ್ಹರು, ಅನರ್ಹರು’ ಅಂತ ಬಾಯಿ ಬಡಿದುಕೊಂಡಿದ್ದೇ ಬಂತು. ಅವರನ್ನು ಅರ್ಹರು ಮಾಡಿದ್ದು ನಾವೇ, ಬೆರಳಿಗೆ ಶಾಯಿ ಹಾಕಿಸಿಕೊಂಡು.

2012ನ್ನು ಹೇಗೆ ಮರೆಯೋದು? ಸದನದಲ್ಲೇ ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡಿದರು ಅನ್ನೋ ಆರೋಪಕ್ಕೆ ಮೂವರು ಸಚಿವರು ರಾಜೀನಾಮೆ ಕೊಟ್ಟರು. ಅವರಲ್ಲೊಬ್ಬರಾದ ಲಕ್ಷ್ಮಣ ಸವದಿ 2018ರಲ್ಲಿ ಸೋತರು, 2019ರಲ್ಲಿ ಉಪಮುಖ್ಯಮಂತ್ರಿಯಾದರು. ಸೋತು ಬಡ್ತಿ ಪಡೆಯೋ ನೌಕರಿ ಬೇರೆ ಯಾವುದಿದೆ? ಆಗಲೇ ರಿಕ್ಲೈನರ್ ಇದ್ದಿದ್ದರೆ ಮೂವರೂ ಸುಮ್ನೆ ಗೊರಕೆ ಹೊಡೆಯುತ್ತಿದ್ದರು, ಮರ್ಯಾದೆ ಉಳಿಯುತ್ತಿತ್ತು. ಖಾದರ್ ಸಾಹೇಬರು ಹದಿಮೂರು ವರ್ಷ ತಡ ಮಾಡಿದರು.

ಶಾಸಕರ ಬಗ್ಗೆ ಬರೆಯೋರು ಪ್ರಾಮಾಣಿಕತೆಗೆ ಹೆಸರಾದ ಸಮಾಜವಾದಿ ಶಾಸಕ ಶಾಂತವೇರಿ ಗೋಪಾಲಗೌಡರ ಹೆಸರು ಹೇಳಿ ಒಂದು ನಿಟ್ಟುಸಿರು ಬಿಡಬೇಕು, ಇದು ಸಂಪ್ರದಾಯ. ಬಿಟ್ಟಿದ್ದೇನೆ. ಆದರೆ 1957ರಲ್ಲಿ ಅವರನ್ನೂ ಸೋಲಿಸಿದವರು ನಾವೇ.

ಇನ್ನು 2025ರ ಮಾರ್ಚ್ 21ಕ್ಕೆ ಬರೋಣ. ಒಂದು ಕಡೆ ಹನಿಟ್ರ್ಯಾಪ್ ಗಲಾಟೆ, ಇನ್ನೊಂದು ಕಡೆ ಮೀಸಲಾತಿ ಗಲಾಟೆ. ಹರಿದ ಕಾಗದ ಸ್ಪೀಕರ್ ಪೀಠದ ಮೇಲೆ ಮದುವೆಯ ಅಕ್ಷತೆ ಥರ ಬೀಳುತ್ತಿತ್ತು. ಬಿಜೆಪಿಯ 18 ಶಾಸಕರು ಅಮಾನತಾದರು, ಮಾರ್ಷಲ್‌ಗಳು ಕೈಕಾಲು ಹಿಡಿದು ಹೊರಗೆ ಹೊತ್ತುಕೊಂಡು ಹೋದರು. ಯಾರು ಏನು ಮಾತಾಡುತ್ತಿದ್ದಾರೆ ಅಂತ ಯಾರಿಗೂ ಕೇಳಿಸದ ಆ ಸದನದಲ್ಲಿ ಒಂದು ಕೆಲಸ ಮಾತ್ರ ಸಲೀಸಾಗಿ ಆಯಿತು. ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರ. ಮುಖ್ಯಮಂತ್ರಿಯದ್ದು 75 ಸಾವಿರದಿಂದ ಒಂದೂವರೆ ಲಕ್ಷ. ಚರ್ಚೆ ಇಲ್ಲ, ತಕರಾರಿಲ್ಲ. ಭತ್ಯೆಗಳು ಬೇರೆ. ಹೊತ್ತು ಹಾಕಿಸಿಕೊಂಡವರಿಗೂ ಸಂಬಳ ಏರಿತು, ಹೊತ್ತು ಹಾಕಿಸಿದವರಿಗೂ ಏರಿತು. ಶಾಸಕರಿಗೂ ಖರ್ಚು ಹೆಚ್ಚಾಗಿದೆ ಅನ್ನೋದು ಸಮಜಾಯಿಷಿ. ನಿಜ ಇರಬಹುದು. ಎರಡು ವಾರ ಕಳೆಯೋದ್ರೊಳಗೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಪಾಪ, ಅವರೂ ಕಾಫಿ ಕುಡೀಬೇಕಲ್ಲ.

ನಗು ಬರ್ತಿಲ್ಲ ನನಗೆ. ಅದೇ ವರ್ಷ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕ್‌ಗೆ ಬಂದು ಕೂತಿದ್ದರು. ವಿಧಾನಸೌಧಕ್ಕೆ ಅಲ್ಲಿಂದ ನಡೆದೇ ಹೋಗಬಹುದು. ಆ ಹೆಂಗಸರು ಮನೆ ಮನೆಗೆ ಹೋಗಿ ಬಸುರಿಯರ ಹೆಸರು ಬರೆದುಕೊಳ್ಳುತ್ತಾರೆ, ರಾತ್ರಿ ಹೆರಿಗೆ ನೋವು ಅಂದರೆ ಆಸ್ಪತ್ರೆಗೆ ಜೊತೆಗೆ ಓಡುತ್ತಾರೆ, ಕೋವಿಡ್‌ನಲ್ಲಿ ಬಾಗಿಲು ಬಾಗಿಲು ತಟ್ಟಿದ್ದರು. ಕೇಳಿದ್ದು ತಿಂಗಳಿಗೆ 15 ಸಾವಿರ. ನಾಲ್ಕು ದಿನ ಚಳಿಯಲ್ಲಿ ಕೂತ ಮೇಲೆ 10 ಸಾವಿರದ ಮಾತು ಸಿಕ್ಕಿತು. ಮಾತು ಅಷ್ಟೇ. ಅದನ್ನು ನಂಬಿಕೊಂಡು ಊರಿಗೆ ಹೋದವರು ಆಗಸ್ಟಿನಲ್ಲಿ ಮತ್ತೆ ಬಂದು ಕೂತರು. ಇವರ ವಿಷಯಕ್ಕೆ ಬಂದರೆ ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು, ದುಡ್ಡು ಎಲ್ಲಿಂದ ತರೋದು ಅನ್ನೋ ಲೆಕ್ಕವೆಲ್ಲ ಎಲ್ಲರಿಗೂ ನೆನಪಾಗುತ್ತೆ.

ಜನವರಿಯ ಆ ರಾತ್ರಿಗಳಲ್ಲಿ ಅವರು ಮನೆಯಿಂದ ತಂದ ಹೊದಿಕೆ ಹಾಸಿ, ಚಪ್ಪಲಿ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಅಲ್ಲಿಗೊಂದು ಚಾಪೆ ಬಾಡಿಗೆಗೆ ತರಿಸೋಣ ಅಂತ ಯಾರ ಬಾಯಲ್ಲೂ ಬರಲಿಲ್ಲ.