ಪ್ಲೇ ಒತ್ತಿ, ಕಾಯಿರಿ

ಭಾನುವಾರ ಬೆಳಗ್ಗೆ ಕಂಪ್ಯೂಟರಿನ ರೇಸ್ ಆಟದಲ್ಲಿ, ಇಟಲಿಯ ಮೊನ್ಜಾ ಟ್ರ್ಯಾಕಿನಲ್ಲಿ ಎರಡು ಸುತ್ತು ಕಾರು ಓಡಿಸೋಣ ಅಂತ ಕೂತರೆ, ಆಟ ಅಪ್‌ಡೇಟ್ ಕೇಳಿತು. ಏನಪ್ಪಾ ರಿಪೇರಿ ಅಂತ ನೋಡಿದರೆ 'ಸಣ್ಣಪುಟ್ಟ ಸುಧಾರಣೆಗಳು'. ಸಣ್ಣಪುಟ್ಟದ್ದಕ್ಕೆ ಇಷ್ಟೊಂದು ಜಿಬಿಯಾ? ದುಡ್ಡು ಕೊಟ್ಟವನು ನಾನು, ಬಾಗಿಲಲ್ಲಿ ನಿಂತು ಅಪ್ಪಣೆ ಕೇಳುವವನೂ ನಾನೇ.

ಬೊಲೋನ್ಯದ ಗೆಳೆಯನಿಗೆ ಫೋನ್ ಮಾಡಿ ಗೊಣಗಿದೆ. ಅವನು ನಕ್ಕ. 80ರ ದಶಕದ ಇಟಲಿಯಲ್ಲಿ ಬೆಳೆದವನು ಅವನು. ಆಗ ಅಲ್ಲಿ ಕಂಪ್ಯೂಟರ್ ಆಟ ಪೇಪರ್ ಅಂಗಡಿಯಲ್ಲೇ ಸಿಗುತ್ತಿತ್ತು. ದಿನಪತ್ರಿಕೆ, ಕಾಮಿಕ್ಸ್, ಪಾನೀನಿ ಫುಟ್‌ಬಾಲ್ ಸ್ಟಿಕರ್‌ಗಳ ಪಕ್ಕದಲ್ಲಿ ತೆಳ್ಳಗಿನ ಪತ್ರಿಕೆ, ಅದರ ಜೊತೆಗೊಂದು ಕ್ಯಾಸೆಟ್. ಒಳಗೆ ರಾಶಿ ಆಟಗಳು. ಬಹಳಷ್ಟು ಹೊರದೇಶದವು, ಯಾರನ್ನೂ ಕೇಳದೆ ಎತ್ತಿಕೊಂಡು ಬಂದವು. ಆಟದ ಹೆಸರು ಬದಲು, ಮಾಡಿದವರ ಹೆಸರು ಮಾಯ, ಪರದೆಯ ಮಾತು ಇಟಾಲಿಯನ್. 1992ರ ಕೊನೆಗೆ ಸಾಫ್ಟ್‌ವೇರ್ ಹಕ್ಕಿನ ಕಾನೂನು ಬರುವ ತನಕ ಈ ವ್ಯಾಪಾರ ರಾಜಾರೋಷವಾಗಿಯೇ ನಡೆಯಿತು.

ಕಾಯುವ ಕಷ್ಟ ಅವನಿಗೂ ಇತ್ತು ಅನ್ನಿ. ಆಗಿನ ಮನೆ ಕಂಪ್ಯೂಟರ್ ಕಮೊಡೋರ್ 64ರ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ ಪ್ಲೇ ಒತ್ತಿದರೆ ಪರದೆ ಖಾಲಿ. ಲೋಡ್ ಆಗುತ್ತಿದೆಯೋ ಸತ್ತಿದೆಯೋ ಗೊತ್ತಾಗದು. ಆಗದಿದ್ದರೆ ರೆಕಾರ್ಡರಿನ ಮೇಲಿನ ಪುಟ್ಟ ತೂತಿಗೆ ಸ್ಕ್ರೂಡ್ರೈವರ್ ಇಳಿಸಿ, ಟೇಪ್ ಓದುವ ಹೆಡ್ಡಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಈ ಆಟಕ್ಕೆ ಸರಿಹೋದರೆ ಮುಂದಿನದಕ್ಕೆ ಕೆಟ್ಟಿರುತ್ತಿತ್ತು. ಅವನ ಅಣ್ಣ ತಿರುಗಿಸುವವನು, ಇವನು ಉಸಿರು ಬಿಗಿಹಿಡಿದು ಕೂರುವವನು. ಆಗ ಅಡುಗೆಮನೆಯಲ್ಲಿ ಯಾರಾದರೂ ಬಾಗಿಲು ದಡಾರನೆ ಹಾಕಿದರೆ ಮನೆಯಲ್ಲಿ ಯುದ್ಧ. ಬಾಗಿಲಿಗೂ ಟೇಪಿಗೂ ಸಂಬಂಧ ಇಲ್ಲ ಅಂತ ಅಮ್ಮ ಹೇಳಿದರೆ ಯಾರು ಕೇಳಬೇಕು?

ಮುಂದೆ ಅವರ ಊರಿನದೇ ಸಿಮುಲ್‌ಮೊಂದೊ ಕಂಪನಿ ಡಿಲನ್ ಡಾಗ್ ಕಾಮಿಕ್ಸ್ ಮೇಲೆ ಸ್ವಂತ ಆಟ ಮಾಡಿ, ಕಂತು ಕಂತಾಗಿ ಅದೇ ಪೇಪರ್ ಅಂಗಡಿಗಳಲ್ಲಿ ಮಾರಿತು. ಇದು ಪ್ರಾಮಾಣಿಕ ವ್ಯಾಪಾರ. ಆದರೆ ಗೆಳೆಯ ಇದನ್ನು ಒಂದೇ ವಾಕ್ಯದಲ್ಲಿ ಮುಗಿಸಿ ಮತ್ತೆ ಕಳ್ಳ ಕ್ಯಾಸೆಟ್ಟಿಗೇ ಬರುತ್ತಾನೆ. ಈ ಹಳೆಯ ನೆನಪಿನ ಗಿರಾಕಿಗಳೇ ಹೀಗೆ. ಕದ್ದದ್ದೇ ಇವರಿಗೆ ಜಾಸ್ತಿ ರುಚಿ, ಪಾಪ, ಆಟ ಮಾಡಿದವನಿಗೆ ಚಿಕ್ಕಾಸೂ ಇಲ್ಲ.

ದೊಡ್ಡವನಾದ ಮೇಲೆ ಗೆಳೆಯ ಒಮ್ಮೆ ಲಂಡನ್ನಿನಲ್ಲಿ ತನ್ನ ಮೆಚ್ಚಿನ ಆಟವನ್ನು ಅದರ ಅಸಲಿ ಹೆಸರಿನಲ್ಲಿ ನೋಡಿದನಂತೆ. ನೋಡಿ ಸಿಟ್ಟು ಬಂತಂತೆ, ಇಂಗ್ಲಿಷರು ನಮ್ಮ ಆಟ ಕದ್ದಿದ್ದಾರೆ ಅಂತ! ವಿಷಯ ಗೊತ್ತಾದ ಮೇಲೂ ಇಟಲಿಯ ಹೆಸರೇ ಚೆನ್ನಾಗಿತ್ತು ಅಂತ ವಾದಿಸುತ್ತಾನೆ. ಆ ಹೆಸರು ಏನು ಅಂತ ಕೇಳಿದರೆ ಮಾತ್ರ ನೆನಪಿಲ್ಲ.