ಬೇಸ್ ಇಲ್ಲದೆ ಹುಟ್ಟಿದ ಸೈಕೋಬಿಲಿ

ಸೈಕೋಬಿಲಿ, ಅಂದರೆ 1950ರ ದಶಕದ ರಾಕಬಿಲಿಗೆ (ಕಂಟ್ರಿ ಬೆರೆತ ಆರಂಭದ ರಾಕ್ ಅಂಡ್ ರೋಲ್) ಪಂಕ್ ಬೆರೆಸಿದ ಸಂಗೀತ, ಅಂದ ಕೂಡಲೇ ಕಣ್ಣ ಮುಂದೆ ಬರುವುದು ಆಳೆತ್ತರದ ಡಬಲ್ ಬೇಸ್, ತಂತಿ ಎಳೆದು ಬಿಟ್ಟಾಗ ಹಲಗೆಗೆ ಬಡಿಯುವ ಆ ಟಪಟಪ ಸದ್ದು. ತಮಾಷೆ ಏನಂದರೆ, ಈ ಪ್ರಕಾರದ ಬೇರು ಎಂದು ಜನ ಬೊಟ್ಟು ಮಾಡುವ ಆಲ್ಬಂನಲ್ಲಿ ಡಬಲ್ ಬೇಸ್ ಹಾಗಿರಲಿ, ಬೇಸ್ ಗಿಟಾರೂ ಇಲ್ಲ. 1980ರಲ್ಲಿ ಬಂದ ದ ಕ್ರಾಂಪ್ಸ್ ಬ್ಯಾಂಡಿನ ಮೊದಲ ಸ್ಟುಡಿಯೋ ಆಲ್ಬಂ 'ಸಾಂಗ್ಸ್ ದ ಲಾರ್ಡ್ ಟಾಟ್ ಅಸ್' ಬಗ್ಗೆ ಹೇಳುತ್ತಿದ್ದೇನೆ.

ಇದ್ದದ್ದು ನಾಲ್ಕೇ ಜನ. ಹಾಡಲು ಲಕ್ಸ್ ಇಂಟೀರಿಯರ್, ಗಿಟಾರಿಗೆ ಪಾಯ್ಸನ್ ಐವಿ ಮತ್ತು ಬ್ರಯಾನ್ ಗ್ರೆಗರಿ, ಡ್ರಮ್ಸ್‌ಗೆ ನಿಕ್ ನಾಕ್ಸ್. ಗಿಟಾರಿನ ಅತಿ ದಪ್ಪ ತಂತಿ 82 ಹರ್ಟ್ಸ್ ಆಸುಪಾಸಿನಲ್ಲಿ ನುಡಿಯುತ್ತದೆ, ಬೇಸಿನದು 41ರಲ್ಲಿ. ಅಂದರೆ ಇಲ್ಲಿ ಕೆಳಗಿನ ಒಂದು ಇಡೀ ಸ್ಥಾಯಿ ಖಾಲಿ, ಅಲ್ಲಿ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನದೇ ದರ್ಬಾರು. ಆ ಖಾಲಿಯ ಮೇಲೆ ಗ್ರೆಗರಿಯ ಫಝ್ ಗಿಟಾರ್ (ಸದ್ದನ್ನು ಒಡೆದು ಗರಗರ ಮಾಡಿದ್ದು) ಕಂಬಳಿಯಂತೆ ಹಾಸಿಕೊಳ್ಳುತ್ತದೆ. ಐವಿಯ ರಾಕಬಿಲಿ ಪಲುಕುಗಳು ಅದರ ಮೇಲೆ ಒಂದೊಂದಾಗಿ ಬಿಡಿಸಿ ಕೇಳುತ್ತವೆ. ನಾಕ್ಸ್ ಚಮತ್ಕಾರಕ್ಕೆ ಹೋಗುವುದೇ ಇಲ್ಲ, ಗೋಡೆ ಗಡಿಯಾರದ ಹಾಗೆ ಬಾರಿಸುತ್ತಾ ಇರುತ್ತಾರೆ. 'ಇವರಿಗೆ ನುಡಿಸಲು ಬರುತ್ತಿರಲಿಲ್ಲ' ಎನ್ನುವವರು ನಾಕ್ಸ್ ಒಬ್ಬರನ್ನೇ ಗಮನಿಸಿ ಇನ್ನೊಮ್ಮೆ ಕೇಳಲಿ. ಡ್ರಮ್ ಸ್ವಲ್ಪ ಅಲುಗಿದರೂ ಮೇಲಿನ ಎರಡು ಗಿಟಾರುಗಳಿಗೆ ನೆಲವೇ ಇರುವುದಿಲ್ಲ.

ಇನ್ನು ಎಕೋ. 1979ರಲ್ಲಿ ರೆಕಾರ್ಡಿಂಗ್ ನಡೆದದ್ದು ಮೆಂಫಿಸ್‌ನಲ್ಲಿ, ಸನ್ ರೆಕಾರ್ಡ್ಸ್ ಕಂಪನಿಯ ಸ್ಯಾಮ್ ಫಿಲಿಪ್ಸ್ ಕಟ್ಟಿಸಿದ ಸ್ಟುಡಿಯೋದಲ್ಲಿ. ನಿರ್ಮಾಪಕ ಬಿಗ್ ಸ್ಟಾರ್ ಬ್ಯಾಂಡಿನ ಅಲೆಕ್ಸ್ ಚಿಲ್ಟನ್. 1950ರ ದಶಕದ ಸನ್ ರೆಕಾರ್ಡುಗಳ 'ಸ್ಲ್ಯಾಪ್‌ಬ್ಯಾಕ್', ಅಂದರೆ ಪೆಟ್ಟಿನಂತೆ ತಕ್ಷಣ ಮರಳುವ ಎಕೋ, ಟೇಪ್ ಯಂತ್ರದಿಂದ ಹುಟ್ಟಿದ್ದು. ರೆಕಾರ್ಡ್ ಹೆಡ್ಡಿಗೂ ಪ್ಲೇಬ್ಯಾಕ್ ಹೆಡ್ಡಿಗೂ 2 ಇಂಚು ಅಂತರ, ಟೇಪ್ ಓಡುವುದು ಸೆಕೆಂಡಿಗೆ 15 ಇಂಚು ಎಂದಿಟ್ಟುಕೊಳ್ಳಿ. ಸದ್ದು ಸುಮಾರು 133 ಮಿಲಿಸೆಕೆಂಡ್ ತಡವಾಗಿ ಮರಳುತ್ತದೆ. ವೇಗವನ್ನು 7.5ಕ್ಕೆ ಇಳಿಸಿದರೆ 267 ಆಗಿ, ಪೆಟ್ಟು ಹೋಗಿ ಬರೀ ಪ್ರತಿಧ್ವನಿ ಉಳಿಯುತ್ತದೆ.

ಮನೆಯಲ್ಲಿ ಈ ಸದ್ದು ಹಿಡಿಯಲು ಹೊರಟವರು ಎಡವುವುದು ಇಲ್ಲೇ. ಸದ್ದನ್ನು ತಡವಾಗಿ ಮರಳಿಸುವ ಡಿಲೇ ಪೆಡಲಿನಲ್ಲಿ ಟೈಮ್ 120ರಿಂದ 140 ಮಿಲಿಸೆಕೆಂಡ್ ಇಡಿ. ಎಷ್ಟು ಸಲ ಮರಳಬೇಕೆಂದು ಹೇಳುವ ಫೀಡ್‌ಬ್ಯಾಕ್ ಪೂರ್ತಿ ಕೆಳಗೆ, ಮರುಸದ್ದು ಒಂದೇ ಸಲ ಬರಬೇಕು. ಅದರ ಮಟ್ಟ ಮೂಲ ಸದ್ದಿಗಿಂತ ತುಸು ಕಡಿಮೆ ಇರಲಿ. ಎರಡು ಮೂರು ಸಲ ಬಂತೋ, ನಿಮಿಷಕ್ಕೆ 160 ಬಡಿತದ ಹಾಡಿನಲ್ಲಿ ಅವು ಮುಂದಿನ ಪೆಟ್ಟುಗಳ ಮೇಲೆ ಬಿದ್ದು ಎಲ್ಲ ಕಲಸುಮೇಲೋಗರ. ಎರಡನೇ ತಪ್ಪು, ಎರಡೂ ಗಿಟಾರಿಗೆ ಫಝ್ ಹಾಕುವುದು. ಒಂದಕ್ಕೆ ಮಾತ್ರ ಹಾಕಿ. ಇನ್ನೊಂದು ಬ್ರಿಡ್ಜ್ ಪಿಕಪ್‌ನಲ್ಲಿ (ತೀಕ್ಷ್ಣ ಸದ್ದಿನದು), ಬಹುತೇಕ ಶುದ್ಧವಾಗಿ, ಸ್ಪ್ರಿಂಗ್ ರಿವರ್ಬ್ (ಗುಂಯ್ಗುಡುವ ಮಾರ್ದನಿ) ಮತ್ತು ಟ್ರೆಮೊಲೊ (ಸದ್ದಿನ ಮಟ್ಟ ತಾಳಬದ್ಧವಾಗಿ ಏರಿಳಿಯುವುದು) ಜೊತೆ ಇರಲಿ. ಟ್ರೆಮೊಲೊ ವೇಗ ತಾಳಕ್ಕೆ ಹೊಂದದಿದ್ದರೆ ಡ್ರಮ್ಮರ್ ತಪ್ಪಿದ ಹಾಗೆ ಕೇಳಿಸುತ್ತದೆ, ಬಯ್ಗುಳ ಪಾಪ ಅವನಿಗೆ.

'ಸೈಕೋಬಿಲಿ' ಪದವನ್ನು ಇವರು ಹುಟ್ಟಿಸಿದ್ದೂ ಅಲ್ಲ. ಅದು ಕಂಟ್ರಿ ಗಾಯಕ ಜಾನಿ ಕ್ಯಾಶ್ ಅವರ 1976ರ ಹಾಡೊಂದರಲ್ಲಿ ಬಿಡಿಭಾಗ ಕದ್ದು ಜೋಡಿಸಿದ ಕಾರಿನ ವರ್ಣನೆಯಾಗಿ ಬರುತ್ತದೆ. ಕ್ರಾಂಪ್ಸ್ ಅದನ್ನು ತಮ್ಮ ಪೋಸ್ಟರುಗಳಿಗೆ ಎತ್ತಿಕೊಂಡರು, ಆಮೇಲೆ ನಾವು ಆ ಗುಂಪಿನವರಲ್ಲ ಎಂದರು. ಡಬಲ್ ಬೇಸನ್ನು ಇದರ ಗುರುತಾಗಿಸಿದ್ದು ಲಂಡನ್ನಿನ ದ ಮೀಟಿಯರ್ಸ್, 1981ರ 'ಇನ್ ಹೆವನ್' ಮೂಲಕ. ನನ್ನ ಲೆಕ್ಕದಲ್ಲಿ ಕ್ರಾಂಪ್ಸ್ ಗರಾಜ್ ಪಂಕ್ (ಒರಟು, ಸರಳ ರಾಕ್) ಮನೆಯವರು, ರಾಕಬಿಲಿ ನೆಂಟರು. ಗರಾಜ್ ತಂಡ ದ ಸಾನಿಕ್ಸ್ 1965ರಲ್ಲಿ ಹಾಡಿದ 'ಸ್ಟ್ರಿಕ್ನೈನ್', ರಾಕಬಿಲಿಯ ಜಾನಿ ಬರ್ನೆಟ್ ತಂಡದ 1956ರ 'ಟೇರ್ ಇಟ್ ಅಪ್' ಎರಡನ್ನೂ ಇವರು ಈ ಒಂದೇ ಆಲ್ಬಂನಲ್ಲಿ ಮತ್ತೆ ಹಾಡಿದ್ದಾರೆ. 'ಸನ್‌ಗ್ಲಾಸಸ್ ಆಫ್ಟರ್ ಡಾರ್ಕ್' ಕೇಳಿ: ಹಾಡು ಡ್ವೈಟ್ ಪುಲೆನ್ ಅವರದು, ಗಿಟಾರ್ ಭಾಗ ಗಿಟಾರ್ ವಾದಕ ಲಿಂಕ್ ರೇ ಅವರಿಂದ ತಂದದ್ದು. ಕ್ಯಾಶ್ ಹಾಡಿನ ಆ ಕಾರಿನ ಹಾಗೇ, ಬಿಡಿಭಾಗಗಳ ಜೋಡಣೆ.

13 ಹಾಡುಗಳೂ ಸಮಾನ ಎನ್ನಲಾರೆ. 'ಝಾಂಬಿ ಡ್ಯಾನ್ಸ್' ಒಂದು ಸಲಕ್ಕೆ ಸಾಕು. ಆದರೆ ಕೊನೆಯ 'ಫೀವರ್' ಬಿಡಬೇಡಿ, ಬೇಸ್ ಇಲ್ಲದ್ದು ಎಷ್ಟು ಲಾಭವೆಂದು ಅಲ್ಲಿ ಗೊತ್ತಾಗುತ್ತದೆ. 1986ರ 'ಎ ಡೇಟ್ ವಿತ್ ಎಲ್ವಿಸ್' ಆಲ್ಬಂನಲ್ಲಿ ಐವಿಯೇ ಬೇಸನ್ನೂ ನುಡಿಸಿದರು. ಸದ್ದು ತುಂಬಿಕೊಂಡಿತು ನಿಜ, ಆದರೆ ಐವಿಯ ಗಿಟಾರಿನ ಸುತ್ತ ಇದ್ದ ಆ ಖಾಲಿ ಜಾಗದ ಕತ್ತಲು ಹೋಯಿತು.